ಫೋನ್ ಪಕ್ಕಕ್ಕಿಟ್ಟು ಒಮ್ಮೆ ಬರೆದು ನೋಡಿ

ಓದುಗರ ಪ್ರಶ್ನೆ, ಗಣಿತ ಟೀಚರ್ ಉತ್ತರ

ದುಡ್ಡು ಕೊಡದೆ ಇಂಟರ್‌ನೆಟ್‌ನಲ್ಲೇ ವಿಜ್ಞಾನ, ಗಣಿತ ಕಲಿಯಬಹುದು ಅಂತ ಕಳೆದ ತಿಂಗಳು ಇಲ್ಲಿ ಒಂದು ಸಾಲು ಬರೆದಿದ್ದೆ. ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟಿದ್ದೇನೆ. ಮುಂಬಯಿಯ ರಾತ್ರಿ ಶಾಲೆಯೊಂದರಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಗಣಿತ ಕಲಿಸಿದ್ದೇನೆ. ಆ ಅನುಭವ, ಮತ್ತೆ ಇಲ್ಲಿ ಹೇಳುವ ವೆಬ್‌ಸೈಟು, ಪುಸ್ತಕಗಳಲ್ಲಿ ಹೆಚ್ಚಿನವನ್ನು ನಾನೇ ಬಳಸಿ ನೋಡಿದ್ದು, ಎರಡನ್ನೂ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಟೀಚರ್, ನಮ್ಮ ಮಗ ಏಳನೇ ಕ್ಲಾಸಿನವರೆಗೆ ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ. ಈ ವರ್ಷ ಎಂಟಕ್ಕೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ ಈಗ ಪುಸ್ತಕ ತೆರೆಯುವುದಿಲ್ಲ. ಟ್ಯೂಷನ್‌ಗೆ ತಿಂಗಳಿಗೆ ಎರಡೂವರೆ ಸಾವಿರ ಕೇಳುತ್ತಾರೆ. ನನಗೆ ಇಂಗ್ಲಿಷ್ ಬರುವುದಿಲ್ಲ, ಅವರ ಅಪ್ಪ ಕ್ಯಾಂಟೀನ್ ಮುಚ್ಚಿ ಬರುವಾಗ ರಾತ್ರಿ ಹನ್ನೊಂದಾಗುತ್ತದೆ. ಪುಕ್ಕಟೆ ಸಿಗುವುದರಲ್ಲಿ ಏನಾದರೂ ದಾರಿ ಇದೆಯಾ? – ಸಯನ್‌ನಿಂದ ಒಬ್ಬ ತಾಯಿ

ಉತ್ತರ: ಇದೆಯಮ್ಮ. ಮೊದಲು ಧೈರ್ಯ ತಂದುಕೊಳ್ಳಿ. ನಿಮ್ಮ ಮಗ ಲೆಕ್ಕ ಮರೆತಿಲ್ಲ. ಅವನಿಗೆ ಚೆನ್ನಾಗಿ ಗೊತ್ತಿದ್ದ ವಸ್ತುಗಳಿಗೆಲ್ಲ ಒಂದೇ ರಜೆಯಲ್ಲಿ ಹೆಸರು ಬದಲಾಗಿಬಿಟ್ಟಿದೆ. ಭಿನ್ನರಾಶಿ ಫ್ರ್ಯಾಕ್ಷನ್ ಆಯಿತು, ಛೇದ ಡಿನಾಮಿನೇಟರ್ ಆಯಿತು, ಸಮೀಕರಣ ಈಕ್ವೇಷನ್ ಆಯಿತು. ಇದನ್ನು ಅವನಿಗೆ ಹೀಗೇ ಹೇಳಿ. ನನ್ನ ಹತ್ತಿರ ಬಂದ ಎಷ್ಟೋ ಮಕ್ಕಳಿಗೆ ಈ ಒಂದು ಮಾತಿನಿಂದಲೇ ಅರ್ಧ ಹೆದರಿಕೆ ಹೋಗಿದೆ.

ಇನ್ನು ದಾರಿ. ಮಹಾರಾಷ್ಟ್ರದ ಪಠ್ಯಪುಸ್ತಕಗಳನ್ನು ಮಾಡುವುದು ಪುಣೆಯ ಬಾಲಭಾರತಿ, 1967ರಿಂದ. ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡದಲ್ಲೂ ಪುಸ್ತಕ ಹೊರಡಿಸುತ್ತದೆ, ಅವುಗಳ ಪಿಡಿಎಫ್ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಗಣಿತ, ವಿಜ್ಞಾನಕ್ಕೆ ಎಲ್ಲ ಮೀಡಿಯಂನವರಿಗೂ ಪುಸ್ತಕ ಒಂದೇ, ಭಾಷೆ ಮಾತ್ರ ಬೇರೆ. ಅಂದರೆ ಅದೇ ಪಾಠ, ಅದೇ ಚಿತ್ರ, ಅದೇ ಲೆಕ್ಕ ಕನ್ನಡದಲ್ಲೂ ಇದೆ, ಇಂಗ್ಲಿಷ್‌ನಲ್ಲೂ ಇದೆ. ಎಂಟನೇ ಕ್ಲಾಸಿನ ಗಣಿತ, ವಿಜ್ಞಾನ ಎರಡನ್ನೂ ಎರಡು ಭಾಷೆಯಲ್ಲೂ ಇಳಿಸಿಕೊಳ್ಳಿ. ನಾಳೆ ಶಾಲೆಯಲ್ಲಿ ಆಗುವ ಪಾಠವನ್ನು ಇವತ್ತು ರಾತ್ರಿ ಕನ್ನಡದಲ್ಲಿ ಓದಲಿ. ಮಾರನೇ ದಿನ ಕ್ಲಾಸಿನಲ್ಲಿ ಟೀಚರ್ ಇಂಗ್ಲಿಷ್‌ನಲ್ಲಿ ಏನು ಹೇಳುತ್ತಿದ್ದಾರೆ ಅಂತ ಅವನಿಗೆ ಮೊದಲೇ ಗೊತ್ತಿರುತ್ತದೆ, ಹೆಸರು ಹಿಡಿದುಕೊಳ್ಳುವುದಷ್ಟೇ ಕೆಲಸ.

ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಡಿ. ಎಡಕ್ಕೆ ಕನ್ನಡದ ಹೆಸರು, ಬಲಕ್ಕೆ ಇಂಗ್ಲಿಷ್ ಹೆಸರು, ಕೆಳಗೆ ಅವನದೇ ಒಂದು ಉದಾಹರಣೆ. ಉದಾಹರಣೆ ಇಲ್ಲದೆ ಬರೀ ಹೆಸರು ಬರೆದರೆ ಪ್ರಯೋಜನ ಇಲ್ಲ. ಸ್ಪೀಡ್, ವೆಲಾಸಿಟಿ ಅಂತ ಎರಡು ಪದ ಬರುತ್ತವೆ ನೋಡಿ, ಕರ್ನಾಟಕದ ಪುಸ್ತಕದಲ್ಲಿ ಅವು ಜವ ಮತ್ತು ವೇಗ. ಮನೆಯಲ್ಲಿ ನಾವು ಎರಡಕ್ಕೂ ಸ್ಪೀಡ್ ಅಂತಲೇ ಹೇಳುತ್ತೇವೆ, ಅಲ್ವಾ? ಅವನ ನೋಟ್‌ಬುಕ್‌ನಲ್ಲಿ ಹೀಗೆ ಬರೆಯಲಿ: ಸಯನ್‌ನಿಂದ ಒಂದು ಲೋಕಲ್ ಠಾಣೆ ಕಡೆಗೆ ಗಂಟೆಗೆ 60 ಕಿಲೋಮೀಟರಿನಂತೆ ಹೋಗುತ್ತಿದೆ, ಇನ್ನೊಂದು ದಾದರ್ ಕಡೆಗೆ ಅಷ್ಟೇ ಜೋರಾಗಿ ಹೋಗುತ್ತಿದೆ. ಎರಡರ ಜವ ಒಂದೇ. ದಿಕ್ಕು ಬೇರೆ, ಅದಕ್ಕೇ ವೇಗ ಬೇರೆ. ಇಷ್ಟು ಬರೆದ ಹುಡುಗ ಆ ಎರಡು ಇಂಗ್ಲಿಷ್ ಪದಗಳನ್ನು ಇನ್ನು ಅದಲುಬದಲು ಮಾಡುವುದಿಲ್ಲ.

ಲೆಕ್ಕದ ಅಭ್ಯಾಸಕ್ಕೆ ಖಾನ್ ಅಕಾಡೆಮಿ ಅನ್ನುವ ಪುಕ್ಕಟೆ ವೆಬ್‌ಸೈಟ್ ಇದೆ. ಅಮೆರಿಕದ ಬಾಸ್ಟನ್‌ನಲ್ಲಿದ್ದ ಸಲ್ಮಾನ್ ಖಾನ್ ಅನ್ನುವವರು 2004ರಲ್ಲಿ ದೂರದ ಊರಿನಲ್ಲಿದ್ದ ತಮ್ಮ ಬಂಧುಗಳ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಲು ಶುರು ಮಾಡಿದರು. ಅದೇ ಬೆಳೆದು 2008ರಲ್ಲಿ ಲಾಭದ ಉದ್ದೇಶ ಇಲ್ಲದ ಸಂಸ್ಥೆ ಆಯಿತು. ಕನ್ನಡದಲ್ಲೂ ಪಾಠಗಳಿವೆ. ಆದರೆ ಅವನನ್ನು ಎಂಟನೇ ಕ್ಲಾಸಿನ ಪಾಠಕ್ಕೆ ಕೂರಿಸಬೇಡಿ. ಆರನೇ ಕ್ಲಾಸಿನಿಂದ, ಅದೂ ಇಂಗ್ಲಿಷ್‌ನಲ್ಲಿ, ಶುರು ಮಾಡಿಸಿ. ಲೆಕ್ಕ ಅವನಿಗೆ ಸುಲಭ ಇರುತ್ತದೆ, ಹಾಗಾಗಿ ಗಮನವೆಲ್ಲ ಪದಗಳ ಮೇಲೆ ಇರುತ್ತದೆ. ಒಂದೆರಡು ತಿಂಗಳಲ್ಲಿ ಎಂಟಕ್ಕೆ ಬಂದು ಮುಟ್ಟುತ್ತಾನೆ.

ಇನ್ನು ನಿಮ್ಮ ಕೆಲಸ. ನನಗೆ ಇಂಗ್ಲಿಷ್ ಬರುವುದಿಲ್ಲ ಅಂತ ಬರೆದಿದ್ದೀರಿ. ಅದು ಬೇಕಾಗಿಲ್ಲ. ನೀವು ಚಪಾತಿ ಲಟ್ಟಿಸುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವತ್ತಿನ ಪಾಠ ನನಗೆ ಕನ್ನಡದಲ್ಲಿ ಹೇಳು ಮಗಾ ಅನ್ನಿ. ಅರ್ಥ ಆಗದ ಕಡೆ ಯಾಕೆ, ಹೇಗೆ ಅಂತ ಕೇಳಿ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಅವನಿಗೇ ಗೊತ್ತಾಗಿಲ್ಲ ಅಂತ ಅರ್ಥ, ಆ ಪೇಜಿಗೆ ವಾಪಸ್ ಹೋಗಲಿ. ಟ್ಯೂಷನ್ ಕ್ಲಾಸಿನಲ್ಲಿ ನಲವತ್ತು ಮಕ್ಕಳ ನಡುವೆ ಇಷ್ಟು ತಾಳ್ಮೆಯಿಂದ ಯಾರೂ ಅವನ ಮಾತು ಕೇಳುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸ್. ಯೂಟ್ಯೂಬ್‌ನಲ್ಲಿ ದಿನಾ ಮೂರು ಗಂಟೆ ಗಣಿತದ ವಿಡಿಯೋ ನೋಡುತ್ತೇನೆ. ನೋಡುವಾಗ ಎಲ್ಲಾ ಅರ್ಥ ಆಗುತ್ತದೆ. ಪರೀಕ್ಷೆಯಲ್ಲಿ ಏನೂ ಬರುವುದಿಲ್ಲ. ನನ್ನ ತಲೆಯಲ್ಲೇ ಏನೋ ತೊಂದರೆ ಇದೆಯಾ? ಇನ್ನೊಂದು, ಮೈನಸ್ ಇಂಟು ಮೈನಸ್ ಪ್ಲಸ್ ಅಂತ ಎಲ್ಲರೂ ಹೇಳುತ್ತಾರೆ, ಯಾಕೆ ಅಂತ ಯಾರೂ ಹೇಳಲಿಲ್ಲ. – ಮುಲುಂಡ್‌ನ ವಿದ್ಯಾರ್ಥಿನಿ

ಉತ್ತರ: ನಿನ್ನ ತಲೆಯಲ್ಲಿ ಯಾವ ತೊಂದರೆಯೂ ಇಲ್ಲ ಪುಟ್ಟಾ. ಯಾಕೆ ಅಂತ ಕೇಳಿದ್ದೀಯಲ್ಲ, ಆ ತಲೆ ಚೆನ್ನಾಗಿಯೇ ಇದೆ.

ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಮೊದಲ ಬೆಂಚು. ನಾನು ಬೋರ್ಡಿನ ಮೇಲೆ ಲೆಕ್ಕ ಮಾಡುವಾಗ ಪ್ರತಿ ಸಾಲಿಗೂ ತಲೆಯಾಡಿಸುತ್ತಿದ್ದ. ಒಂದು ದಿನ ಬೋರ್ಡ್ ಒರೆಸಿ, ಅದೇ ಲೆಕ್ಕ ಮಾಡು ಅಂತ ಅವನ ಕೈಗೆ ಚಾಕ್ ಕೊಟ್ಟೆ. ಎರಡನೇ ಸಾಲಿಗೆ ನಿಂತುಬಿಟ್ಟ. ಹತ್ತು ನಿಮಿಷದ ಹಿಂದೆ ನೋಡಿದ್ದ ಅದೇ ಲೆಕ್ಕ! ಅವನು ಸುಳ್ಳಿಗೆ ತಲೆಯಾಡಿಸಿದ್ದಲ್ಲ. ನಾನು ಬರೆದ ಒಂದೊಂದು ಸಾಲೂ ಅವನಿಗೆ ಸರಿ ಅನಿಸಿತ್ತು. ಆದರೆ ಮುಂದಿನ ಸಾಲು ಯಾವುದಿರಬೇಕು ಅಂತ ಯೋಚಿಸಿದ್ದು ನಾನು, ಅವನು ಒಂದು ಸಲವೂ ಯೋಚಿಸಬೇಕಾಗಿ ಬಂದಿರಲಿಲ್ಲ. ವಿಡಿಯೋದಲ್ಲೂ ಹಾಗೇ ಆಗುತ್ತದೆ. ಎಷ್ಟು ಒಳ್ಳೆಯ ಟೀಚರ್ ಇದ್ದರೆ ಅಷ್ಟು ಸಲೀಸಾಗಿ ಸಾಲುಗಳು ಓಡುತ್ತವೆ, ನಿನಗೆ ಎಲ್ಲವೂ ಬಂದ ಹಾಗೆ ಅನಿಸುತ್ತದೆ.

ಹೀಗೆ ಮಾಡು. ಮೂರು ಗಂಟೆ ಬೇಡ, ಒಂದೇ ವಿಡಿಯೋ ಹಾಕು. ಪ್ರಶ್ನೆ ಪರದೆ ಮೇಲೆ ಬಂದ ತಕ್ಷಣ ನಿಲ್ಲಿಸು. ಟೀಚರ್ ಬಾಯಿ ತೆರೆಯುವ ಮೊದಲು ಐದು ನಿಮಿಷ ನೀನೇ ಒದ್ದಾಡು. ತಪ್ಪಾದರೂ ಬರಿ. ಆಮೇಲೆ ವಿಡಿಯೋ ಮುಂದೆ ಓಡಿಸು, ನೀನು ಎಲ್ಲಿ ನಿಂತೆ, ಅವರು ಆ ಜಾಗವನ್ನು ಹೇಗೆ ದಾಟಿದರು, ಅಷ್ಟನ್ನೇ ಕಣ್ಣಿಟ್ಟು ನೋಡು. ಮುಗಿದ ಮೇಲೆ ಫೋನ್ ಪಕ್ಕಕ್ಕಿಟ್ಟು ಖಾಲಿ ಹಾಳೆಯಲ್ಲಿ ಅದೇ ಲೆಕ್ಕ ಮೊದಲಿನಿಂದ ಮಾಡು. ಮಾರನೇ ದಿನ ಮತ್ತೊಮ್ಮೆ, ಒಂದು ವಾರ ಬಿಟ್ಟು ಇನ್ನೊಮ್ಮೆ. ಮೊದಲ ವಾರ ತುಂಬ ನಿಧಾನ ಅನಿಸುತ್ತದೆ, ಬೇಜಾರೂ ಆಗುತ್ತದೆ. ಬಿಡಬೇಡ.

ಈಗ ನಿನ್ನ ಮೈನಸ್. ಪೆನ್ಸಿಲ್ ತಗೋ, ನನ್ನ ಜೊತೆ ಬರಿ.

3 × (−2) = −6
2 × (−2) = −4
1 × (−2) = −2
0 × (−2) = 0

ಇಲ್ಲಿವರೆಗೆ ಯಾವ ತಕರಾರೂ ಇಲ್ಲ, ಅಲ್ವಾ? ಎರಡು ರೂಪಾಯಿ ಸಾಲ ಮೂರು ಸಲ ಮಾಡಿದರೆ ಆರು ರೂಪಾಯಿ ಸಾಲ. ಈಗ ಎಡಗಡೆ ನೋಡು. 3, 2, 1, 0. ಒಂದೊಂದೇ ಕಡಿಮೆ ಆಗುತ್ತಿದೆ. ಬಲಗಡೆ ಉತ್ತರ ನೋಡು. −6ರಿಂದ −4, −4ರಿಂದ −2, ಆಮೇಲೆ 0. ಪ್ರತಿ ಸಲ ಎರಡು ಜಾಸ್ತಿ ಆಗುತ್ತಿದೆ. ಇದೇ ಓಟ ಮುಂದುವರಿದರೆ ಎಡಗಡೆ 0 ಆದ ಮೇಲೆ −1 ಬರಬೇಕು. ಬಲಗಡೆ 0ಗೆ ಎರಡು ಸೇರಿದರೆ? (−1) × (−2) = 2. ಅದರ ಮುಂದಿನ ಸಾಲು ನಾನು ಬರೆಯುವುದಿಲ್ಲ, ನೀನೇ ಬರಿ. ಸಾಲದ ಲೆಕ್ಕದಲ್ಲೇ ಹೇಳುವುದಾದರೆ, ಎರಡು ರೂಪಾಯಿಯ ಒಂದು ಸಾಲವನ್ನು ಯಾರಾದರೂ ತೆಗೆದುಹಾಕಿದರೆ ನಿನ್ನ ಹತ್ತಿರ ಎರಡು ರೂಪಾಯಿ ಜಾಸ್ತಿ ಆದ ಹಾಗೇ.

ಪ್ರಶ್ನೆ: ಟೀಚರ್, ನಾನು ಬೈಂದೂರು ಕಡೆಯವ, ಮಾಟುಂಗಾದ ಹೋಟೆಲಿನಲ್ಲಿ ಸಪ್ಲೈಯರ್. ವಯಸ್ಸು 23. ಊರಲ್ಲಿ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದವ, ಆಮೇಲೆ ಓದಲು ಆಗಲಿಲ್ಲ. ವಿಜ್ಞಾನ ಅಂದರೆ ಮೊದಲಿನಿಂದ ಇಷ್ಟ. ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಗುತ್ತದೆ. ಇರುವುದು ಒಂದು ಫೋನ್, ದಿನಕ್ಕೆ ಒಂದೂವರೆ ಜಿಬಿ. ಈ ವಯಸ್ಸಿನಲ್ಲಿ ಪಿಯುಸಿ ಸೈನ್ಸ್ ಮಾಡಬಹುದಾ?

ಉತ್ತರ: ಮಾಡಬಹುದು ತಮ್ಮಾ, ಮಾಡಲೇಬೇಕು. ಈ ಊರಿನಲ್ಲಿ ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗಿ ಓದಿದ ನಮ್ಮವರು ಎಷ್ಟೋ ಜನ ಇದ್ದಾರೆ. ನನ್ನ ಕ್ಲಾಸಿನ ಅರ್ಧ ಬೆಂಚುಗಳಲ್ಲಿ ಅವರೇ ಇರುತ್ತಿದ್ದರು. 23 ಒಂದು ವಯಸ್ಸೇ ಅಲ್ಲ.

ಪರೀಕ್ಷೆಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ, ಎನ್‌ಐಒಎಸ್ ಅಂತ ಹುಡುಕು. ಹನ್ನೆರಡನೇ ಕ್ಲಾಸಿಗೆ ಸಮಾನವಾದ ಪರೀಕ್ಷೆ ಅಲ್ಲಿ ಕಟ್ಟಬಹುದು. ವಯಸ್ಸಿನ ಮೇಲಿನ ಮಿತಿ ಇಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಎಲ್ಲ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಯುತ್ತದೆ, ಎಲ್ಲ ವಿಷಯ ಒಟ್ಟಿಗೆ ಬರೆಯಬೇಕು ಅಂತ ಇಲ್ಲ. ಸೇರುವುದಕ್ಕೆ, ಪರೀಕ್ಷೆಗೆ ಫೀಸ್ ಕಟ್ಟಬೇಕು, ಆದರೆ ಪುಸ್ತಕಗಳ ಪಿಡಿಎಫ್ ಪುಕ್ಕಟೆ. ಕೇಂದ್ರ ಸರ್ಕಾರದ ಎನ್‌ಸಿಇಆರ್‌ಟಿ ಪುಸ್ತಕಗಳೂ ಹಾಗೇ. ನಿನ್ನ ಡೇಟಾಕ್ಕೆ ಪಿಡಿಎಫ್ ಒಳ್ಳೆಯದು, ಒಂದು ಸಲ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ವಿಡಿಯೋ ಬೇಕಾದರೆ ಕಡಿಮೆ ಕ್ವಾಲಿಟಿಯಲ್ಲಿ ರಾತ್ರಿ ಇಳಿಸಿಟ್ಟುಕೋ, ಮಧ್ಯಾಹ್ನ ನೋಡು.

ಪ್ರಯೋಗಶಾಲೆ ಎಲ್ಲಿಂದ ತರಲಿ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಫೆಟ್ ಅಂತ ಒಂದು ವೆಬ್‌ಸೈಟ್ ಇದೆ. ಭೌತಶಾಸ್ತ್ರದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಪರದೆ ಮೇಲೆ ಬೆರಳಿನಿಂದ ಎಳೆದು ಪ್ರಯೋಗ ಮಾಡಬಹುದು, ಕೆಲವು ಕನ್ನಡದಲ್ಲೂ ಇವೆ. ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತವೆ. ಮೊದಲು ಸರ್ಕ್ಯೂಟಿನದು ತೆಗೆ. ಒಂದು ಬ್ಯಾಟರಿ, ಒಂದು ಬಲ್ಬ್, ವೈರ್ ಜೋಡಿಸು. ಬಲ್ಬ್ ಹತ್ತುತ್ತದೆ. ಈಗ ಎರಡನೇ ಬಲ್ಬನ್ನು ಮೊದಲನೆಯದರ ಹಿಂದೆ ಅದೇ ವೈರಿನಲ್ಲಿ ಹಾಕು. ಎರಡೂ ಮಂಕಾಗುತ್ತವೆ. ಒಂದನ್ನು ಬಿಚ್ಚಿದರೆ ಇನ್ನೊಂದೂ ಆರುತ್ತದೆ. ಗಣಪತಿ ಹಬ್ಬಕ್ಕೆ ಹೋಟೆಲ್ ಮುಂದೆ ಇಳಿಬಿಡುತ್ತಿದ್ದ ಹಳೇ ಸೀರಿಯಲ್ ಸೆಟ್ ನೆನಪಿದೆಯಾ? ಒಂದು ಬಲ್ಬ್ ಹೋದರೆ ಇಡೀ ಸರ ಆರಿಹೋಗುತ್ತಿತ್ತು. ಅದಕ್ಕೆ ಸೀರಿಯಲ್ ಅನ್ನುವ ಹೆಸರು ಬಂದಿದ್ದೇ ಈ ಸರಣಿ ಜೋಡಣೆಯಿಂದ. ಆಮೇಲೆ ಎರಡು ಬಲ್ಬಿಗೂ ಬ್ಯಾಟರಿಯಿಂದ ಬೇರೆ ಬೇರೆ ವೈರ್ ಎಳೆದು ನೋಡು. ಎರಡೂ ಪೂರ್ತಿ ಬೆಳಕು ಕೊಡುತ್ತವೆ, ಒಂದನ್ನು ತೆಗೆದರೂ ಇನ್ನೊಂದು ಉರಿಯುತ್ತಲೇ ಇರುತ್ತದೆ. ನಿಮ್ಮ ಹೋಟೆಲಿನ ಅಡುಗೆಮನೆ ಲೈಟ್ ಆರಿಸಿದರೆ ಗಲ್ಲಾಪೆಟ್ಟಿಗೆಯ ಮೇಲಿನ ಫ್ಯಾನ್ ನಿಲ್ಲುವುದಿಲ್ಲ, ಯಾಕೆ ಅಂತ ಈಗ ನೀನೇ ಹೇಳಬಲ್ಲೆ. ಸುಮ್ನೆ ಸೂತ್ರ ಬಾಯಿಪಾಠ ಮಾಡುವ ಮೊದಲು ಇದನ್ನು ಒಂದು ಮಧ್ಯಾಹ್ನ ಪೂರ್ತಿ ಆಡು.

ಪ್ರಾಕ್ಟಿಕಲ್ ಪರೀಕ್ಷೆಗೆ ಮಾತ್ರ ಫೋನ್ ಸಾಕಾಗುವುದಿಲ್ಲ, ಅದಕ್ಕೆ ಅವರು ಕೊಡುವ ಅಧ್ಯಯನ ಕೇಂದ್ರಕ್ಕೆ ಹೋಗಬೇಕು. ಆ ದಿನಗಳಿಗೆ ರಜೆ ಬೇಕು ಅಂತ ಧಣಿಗಳ ಹತ್ತಿರ ಈಗಲೇ ಮಾತಾಡಿಟ್ಟುಕೋ.

ಪ್ರಶ್ನೆ: ಮೇಡಂ, ವಾಸ್ಕೋದಲ್ಲಿ ಕನ್ನಡ ಮೀಡಿಯಂ ಓದಿ ಈಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಎನ್‌ಪಿಟೆಲ್ ನೋಡು ಅಂತ ಎಲ್ಲರೂ ಹೇಳುತ್ತಾರೆ. ಪ್ರೊಫೆಸರ್‌ಗಳ ಮಾತು ಹಿಡಿಯಲು ಆಗುವುದಿಲ್ಲ. ಸರ್ಟಿಫಿಕೇಟ್ ತಗೊಂಡರೆ ಪ್ರಯೋಜನ ಇದೆಯಾ?

ಉತ್ತರ: ಎನ್‌ಪಿಟೆಲ್ ಅಂದರೆ ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಇಂಟರ್‌ನೆಟ್‌ನಲ್ಲಿ ಇಟ್ಟಿರುವ ಕಾಲೇಜು ಮಟ್ಟದ ವಿಡಿಯೋ ಪಾಠಗಳು. ನೋಡುವುದು ಪೂರ್ತಿ ಪುಕ್ಕಟೆ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಫೀಸ್. ಅಂಕದಲ್ಲಿ 25 ಭಾಗ ವಾರವಾರದ ಅಸೈನ್‌ಮೆಂಟಿಗೆ, 75 ಭಾಗ ಕೊನೆಯ ಪರೀಕ್ಷೆಗೆ. ಪರೀಕ್ಷೆಗೆ ಹೋಗದಿದ್ದರೂ ಅಸೈನ್‌ಮೆಂಟ್ ಬಿಡಬೇಡ, ಕಲಿಕೆ ಇರುವುದು ಅಲ್ಲೇ. ಕೆಲವು ಕೋರ್ಸ್‌ಗಳ ಪಾಠಗಳು ಬರಹ ರೂಪದಲ್ಲಿ ಕನ್ನಡಕ್ಕೂ ಅನುವಾದ ಆಗಿವೆ. ನಿನ್ನ ವಿಷಯದ್ದು ಇದೆಯಾ ಅಂತ ಮೊದಲು ಅದನ್ನೇ ನೋಡು. ಇಲ್ಲದಿದ್ದರೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು, ವೇಗ ಕಡಿಮೆ ಮಾಡಿ, ಇಪ್ಪತ್ತು ನಿಮಿಷದಂತೆ ತುಂಡು ಮಾಡಿ ಕೇಳು. ಕಿವಿಗೆ ಒಂದು ತಿಂಗಳು ಸಮಯ ಕೊಡು.

ಲೀನಿಯರ್ ಆಲ್ಜೀಬ್ರಾ ಇದ್ದರೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಗಿಲ್ಬರ್ಟ್ ಸ್ಟ್ರಾಂಗ್ ಅವರ ಪಾಠ ಕೇಳು. ಎಂಐಟಿ ತನ್ನ ಪಾಠಗಳನ್ನೆಲ್ಲ ಪುಕ್ಕಟೆ ಇಡುತ್ತೇನೆ ಅಂತ 2001ರಲ್ಲಿ ಹೇಳಿತು, ಓಪನ್ ಕೋರ್ಸ್‌ವೇರ್ ಅಂತ ಅದರ ಹೆಸರು. ಹೆಸರು ನೋಂದಾಯಿಸುವುದೂ ಬೇಡ. ಸ್ಟ್ರಾಂಗ್ ಅವಸರ ಮಾಡುವುದೇ ಇಲ್ಲ, ಕರಿಹಲಗೆ ಮೇಲೆ ಚಾಕಿನಲ್ಲಿ ಬರೆಯುತ್ತಾರೆ, ಚಿಕ್ಕ ಚಿಕ್ಕ ಅಂಕಿಗಳನ್ನೇ ತೆಗೆದುಕೊಳ್ಳುತ್ತಾರೆ. ಹಳೇ ಪ್ರಶ್ನೆಪತ್ರಿಕೆಗಳು ಉತ್ತರ ಸಮೇತ ಅಲ್ಲೇ ಇವೆ. ಸರ್ಟಿಫಿಕೇಟ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ಒಂದೋ ಎರಡೋ ತಗೋ, ಅದಕ್ಕಾಗಿ ಹತ್ತು ಕೋರ್ಸ್‌ಗೆ ಸೇರಿ ಒಂದನ್ನೂ ಮುಗಿಸದೆ ಇರಬೇಡ.

ಪ್ರಶ್ನೆ: ಹೋಂವರ್ಕ್ ಲೆಕ್ಕವನ್ನು ಎಐ ಚಾಟ್‌ಗೆ ಫೋಟೋ ತೆಗೆದು ಕಳಿಸಿದರೆ ಕ್ಷಣದಲ್ಲಿ ಉತ್ತರ ಬರುತ್ತದೆ. ಮಗಳಿಗೆ ಬಿಡಬಹುದಾ? – ವಾಶಿಯ ತಂದೆ

ಉತ್ತರ: ಉತ್ತರ ತರಿಸಿ ನೋಟ್‌ಬುಕ್‌ಗೆ ಇಳಿಸುವುದಾದರೆ ಬೇಡವೇ ಬೇಡ. ಮೊದಲು ಅವಳು ತನ್ನ ಕೈಯಲ್ಲಿ ಲೆಕ್ಕ ಮಾಡಲಿ. ಆಮೇಲೆ ಆ ಹಾಳೆಯ ಫೋಟೋ ಕಳಿಸಿ, ಉತ್ತರ ಹೇಳಬೇಡ, ನಾನು ಯಾವ ಸಾಲಿನಲ್ಲಿ ತಪ್ಪಿದ್ದೇನೆ ಅಷ್ಟು ಹೇಳು ಅಂತ ಕೇಳಲಿ. ಅದು ಹೇಳಿದ್ದನ್ನೂ ನಂಬಿ ಕೂರಬಾರದು, ಕೆಲವು ಸಲ ಅದೂ ತಪ್ಪು ಹೇಳುತ್ತದೆ, ಅದೂ ಬಹಳ ಧೈರ್ಯದಿಂದ. ಬಂದ ಉತ್ತರವನ್ನು ಸಮೀಕರಣದಲ್ಲಿ ಹಾಕಿ ತಾಳೆ ನೋಡುವುದು ಅವಳ ಕೆಲಸ.

ಪ್ರಶ್ನೆ: ನಾನು ನಿವೃತ್ತ. ಪುಣೆಯ ಔಂಧ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಮ್ಮಗಳು ಐದನೇ ಕ್ಲಾಸ್. ಅವಳಿಗೆ ಪರದೆ ನೋಡುವುದು ಜಾಸ್ತಿ ಆಗಿದೆ. ನೀವು ಮತ್ತೆ ಪರದೆಯಲ್ಲೇ ಕಲಿಯಿರಿ ಅಂತ ಬರೆಯುತ್ತೀರಿ.

ಉತ್ತರ: ನಿಮ್ಮ ಕಳವಳ ಸರಿಯಾದದ್ದೇ ಅಜ್ಜಾ. ಹಾಗಾದರೆ ಪರದೆ ನೀವು ನೋಡಿ, ಕೈಕೆಲಸ ಇಬ್ಬರೂ ಸೇರಿ ಮಾಡಿ. ನಿಮ್ಮ ಮನೆ ಹತ್ತಿರದ ವಿಶ್ವವಿದ್ಯಾಲಯದ ಆವರಣದಲ್ಲೇ ಐಯುಕಾ ಇದೆ, ಜಯಂತ ನಾರ್ಳೀಕರ್ ಕಟ್ಟಿದ ಖಗೋಳ ವಿಜ್ಞಾನ ಸಂಸ್ಥೆ. ಅಲ್ಲಿನ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಬಹಳ ವರ್ಷ ಕೆಲಸ ಮಾಡಿದರು. ಕಾನ್ಪುರ ಐಐಟಿಯಲ್ಲಿ ಓದಿದವರು, 2018ರಲ್ಲಿ ಪದ್ಮಶ್ರೀ ಬಂತು. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸುವ ಅವರ ವೆಬ್‌ಸೈಟಿನಲ್ಲಿ ನೂರಾರು ಆಟಿಕೆಗಳ ವಿವರ, ಪುಸ್ತಕಗಳು ಎಲ್ಲ ಪುಕ್ಕಟೆ ಇವೆ, ಕನ್ನಡದವೂ ಉಂಟು. ಮೊದಲು ಬೆಂಕಿಕಡ್ಡಿಯದು ಮಾಡಿ. ಸೈಕಲ್ ಅಂಗಡಿಯಿಂದ ವಾಲ್ ಟ್ಯೂಬ್ ತಂದು ಚಿಕ್ಕ ಚಿಕ್ಕ ತುಂಡು ಮಾಡಿ, ಎರಡು ಕಡ್ಡಿಯನ್ನು ಎರಡು ಕಡೆಯಿಂದ ಸಿಕ್ಕಿಸಿದರೆ ಕೀಲು ಆಯಿತು. ನಾಲ್ಕು ಕಡ್ಡಿಯ ಚೌಕ ಮಾಡಿ ಮೂಲೆಯಲ್ಲಿ ಒತ್ತಿದರೆ ಓರೆಯಾಗಿ ಬಾಗುತ್ತದೆ. ಮೂರು ಕಡ್ಡಿಯ ತ್ರಿಕೋನ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಆಮೇಲೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ರೈಲ್ವೆಯ ಕಬ್ಬಿಣದ ಸೇತುವೆ ತೋರಿಸಿ, ಎಷ್ಟು ತ್ರಿಕೋನ ಇವೆ ಅಂತ ಅವಳೇ ಎಣಿಸಲಿ.

ಪರದೆಯೂ ಬೇಡ, ಕಡ್ಡಿಯೂ ಬೇಡ ಅನ್ನುವ ದಿನಕ್ಕೆ ಇನ್ನೊಂದು, ಸಂಖ್ಯೆಗಳ ಆಟ. ನಿಮ್ಮ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಪಕ್ಕದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದದ್ದು. ನಾಲ್ಕು ಅಂಕಿಯ ಒಂದು ಸಂಖ್ಯೆ ತೆಗೆದುಕೊಳ್ಳಿ, ಎಲ್ಲ ಅಂಕಿ ಒಂದೇ ಇರಬಾರದು. 3524 ಅಂತ ಇಟ್ಟುಕೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 5432, ತಿರುಗಿಸಿದರೆ 2345. ಕಳೆದರೆ 3087. ಮತ್ತೆ ಅದೇ: 8730ರಿಂದ 0378 ಕಳೆದರೆ 8352. ಮತ್ತೆ: 8532ರಿಂದ 2358 ಕಳೆದರೆ 6174. ಇನ್ನೊಮ್ಮೆ ಮಾಡಿ, ಮತ್ತೆ 6174ರಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲದಲ್ಲಿ ಇಲ್ಲಿಗೇ ಬರುತ್ತೀರಿ. ಆಟದ ನಡುವೆ ಸಂಖ್ಯೆಯ ಮೊದಲಲ್ಲಿ ಸೊನ್ನೆ ಬಂದರೂ ಅದನ್ನು ಬಿಡದೆ ಬರೆದುಕೊಳ್ಳಬೇಕು. ಮೂರು ಅಂಕಿಯ ಸಂಖ್ಯೆಯಲ್ಲೂ ಇದೇ ಆಟ ನಡೆಯುತ್ತದೆ, ಅಲ್ಲಿ ನಿಲ್ಲುವ ಸಂಖ್ಯೆ ಬೇರೆ. ಅದು ಯಾವುದು ಅಂತ ನಾನು ಹೇಳುವುದಿಲ್ಲ. ಮೊಮ್ಮಗಳು ಕಂಡುಹಿಡಿದು, ತನ್ನದೇ ಅಕ್ಷರದಲ್ಲಿ ಒಂದು ಕಾರ್ಡು ಬರೆದು ನನಗೆ ಕಳಿಸಲಿ.